ಎಂಬತ್ತಾರು ಪರ್ಸೆಂಟು

ಮೊನ್ನೆ ಭಾನುವಾರ ಮಳೆ. ಹೊರಗೆ ಹೋಗುವ ಮನಸ್ಸಿಲ್ಲದೆ ಲ್ಯಾಪ್‌ಟಾಪಿನ ಹಳೇ ಫೈಲುಗಳನ್ನೆಲ್ಲ ಅಳಿಸುತ್ತ ಕೂತಿದ್ದೆ. 'ತಂಗಿ ಅಟೆಂಡೆನ್ಸ್ ಫೈನಲ್' ಅಂತ ಒಂದು ಎಕ್ಸೆಲ್ ಫೈಲು ಸಿಕ್ಕಿತು. ಫೈನಲ್ ಅಂತ ಹೆಸರಿಟ್ಟ ಯಾವ ಫೈಲೂ ಫೈನಲ್ ಆಗಿರುವುದಿಲ್ಲ ಅನ್ನುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಇದೂ ಹಾಗೇ. ತೆರೆದು ನೋಡಿದೆ. ಕೊನೆಯ ಸಾಲಿನಲ್ಲಿ ಹಸಿರು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, 86 ಅಂತ ಇತ್ತು. ಆ ಹಸಿರು ಬಣ್ಣ ಬಳಿದವನು ನಾನೇ.

ಅಳಿಸಲಿಲ್ಲ. ಅದರ ಕತೆ ಹೇಳೋಣ ಅನ್ನಿಸಿತು.

ನಮ್ಮೂರು ಮಾಗೋಡು. ಹಾಗಂದ ಕೂಡಲೇ "ಓ, ಫಾಲ್ಸಾ?" ಅಂತ ಕೇಳುತ್ತಾರೆ. ಹೌದು, ಅದೇ. ಯಲ್ಲಾಪುರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬೇಡ್ತಿ ಹೊಳೆ ಅಲ್ಲಿ ಎರಡು ಹಂತದಲ್ಲಿ ಸುಮಾರು ಇನ್ನೂರು ಮೀಟರ್ ಕೆಳಗೆ ಬೀಳುತ್ತದೆ. ಮಳೆಗಾಲದಲ್ಲಿ ಹುಬ್ಬಳ್ಳಿ ಕಡೆಯಿಂದ ಕಾರು ಮಾಡಿಕೊಂಡು ಬಂದವರು ಮಂಜು ಸರಿಯಲಿ ಅಂತ ಗಂಟೆಗಟ್ಟಲೆ ಕಾಯುತ್ತಾರೆ. ನಮಗೆ ಆ ನೀರಿನ ಸದ್ದು ಗೋಡೆಗಡಿಯಾರದ ಟಿಕ್ ಟಿಕ್ ಇದ್ದ ಹಾಗೆ. ಕೇಳಿಸುವುದೇ ಇಲ್ಲ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಒಂದು ಕೊಟ್ಟಿಗೆ, ಮೊಬೈಲು ಹಿಡಿದು ಜಗುಲಿಯ ಮೂಲೆಯಲ್ಲಿ ಸರಿಯಾಗಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕು. ಇಷ್ಟು ನಮ್ಮ ಮನೆ.

ನಾನು ಇಂಜಿನಿಯರಿಂಗ್ ಮಾಡಿ ಬೆಂಗಳೂರು ಸೇರಿದೆ. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ, ಮನೆಗೊಬ್ಬ ಹಾಗೆ ಹೋದವನು ಇದ್ದೇ ಇರುತ್ತಾನೆ. ತಂಗಿ ನರ್ಸಿಂಗ್ ಸೇರಿದ್ದು ಮಾತ್ರ ಸುದ್ದಿಯಾಯಿತು. "ನರ್ಸಾ? ಬೇರೆ ಎಂತದೂ ಸಿಕ್ಕಿದ್ದಿಲ್ಯಾ?" ಅಂತ ನೆಂಟರು ಆಯಿಯ ಹತ್ತಿರ ಕೇಳಿದ್ದುಂಟು. ಅವಳು ಬಿ.ಎಸ್ಸಿ ನರ್ಸಿಂಗ್ ಮುಗಿಸಿದಳು, ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ಎಂ.ಎಸ್ಸಿಗೆ ಸೇರಬೇಕಾದರೆ ಆ ಒಂದು ವರ್ಷದ ಅನುಭವ ಬೇಕೇ ಬೇಕು, ಜೊತೆಗೆ ಡಿಗ್ರಿಯಲ್ಲಿ ಶೇಕಡಾ 55 ಅಂಕ. 2022ರಲ್ಲಿ ಮಂಗಳೂರು ಕಡೆಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ ಸೇರಿದಳು. ವಿಷಯ, ಸಮುದಾಯ ಆರೋಗ್ಯ ಶುಶ್ರೂಷೆ. ಬಿ.ಎಸ್ಸಿಯಲ್ಲಿ ಇಡೀ ಕಾಲೇಜಿಗೆ ಮೊದಲು ಬಂದವಳು. ಬಾಯಿಬಿಟ್ಟು ಹೇಳದಿದ್ದರೂ ರ‍್ಯಾಂಕಿನ ಆಸೆ ಇತ್ತು ಅಂತ ನನಗೆ ಗೊತ್ತು.

ಅವಳು ಸೇರಿದ ಹೊಸದರಲ್ಲಿ ನಮಗಿಬ್ಬರಿಗೂ ಒಂದು ಆಟ. ನಿನ್ನ ಪರೀಕ್ಷೆ ಕಷ್ಟವೋ, ನನ್ನದು ಕಷ್ಟವಿತ್ತೋ ಅಂತ. ನಾನು ಓದುವಾಗ ಬರಹದ ಪರೀಕ್ಷೆಯಲ್ಲಿ ನೂರಕ್ಕೆ 35 ತೆಗೆದರೆ ಬಚಾವ್, ಇಂಟರ್ನಲ್ಸ್ ಸೇರಿ ದಡ ಮುಟ್ಟುತ್ತಿದ್ದೆವು. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತುವುದು. ಬಂದ ಪ್ರೋಗ್ರಾಂ ಬರದಿದ್ದರೆ ಕೈಕಾಲು ಹಿಡಿದು ಬದಲಾಯಿಸಿಕೊಳ್ಳುವುದು, ಸ್ವಲ್ಪ ಅಂಕ ಕತ್ತರಿಸುತ್ತಿದ್ದರು ಅಷ್ಟೆ.

ಅವಳು ತನ್ನ ನಿಯಮಾವಳಿ ಓದಿದಳು. ಭಾರತೀಯ ಶುಶ್ರೂಷಾ ಪರಿಷತ್ತು 1947ರ ಕಾಯ್ದೆಯಿಂದ ಹುಟ್ಟಿದ್ದು. 2023ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಆಯೋಗ ತರುವ ಕಾಯ್ದೆ ಪಾಸು ಮಾಡಿತು. ಅವಳು ಓದಿದ್ದು ಪರಿಷತ್ತಿನ ಪಠ್ಯಕ್ರಮದಲ್ಲೇ. ಪರೀಕ್ಷೆ ನಡೆಸುವುದು, ಸರ್ಟಿಫಿಕೇಟು ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1996ರಲ್ಲಿ ಶುರುವಾದದ್ದು. ನಿಯಮ ಹೀಗೆ: ಥಿಯರಿಯಲ್ಲಿ 25 ಇಂಟರ್ನಲ್ಸ್, 75 ವಿಶ್ವವಿದ್ಯಾಲಯದ ಪರೀಕ್ಷೆ. ಆಯ್ಕೆ ಮಾಡಿಕೊಂಡ ಮುಖ್ಯ ವಿಷಯಕ್ಕೆ ಪ್ರಾಕ್ಟಿಕಲ್ ಇಂಟರ್ನಲ್ಸ್ 100, ಪರೀಕ್ಷೆ 100. ಥಿಯರಿಯಲ್ಲೂ ಐವತ್ತು ಪರ್ಸೆಂಟು ಬೇಕು, ಪ್ರಾಕ್ಟಿಕಲ್‌ನಲ್ಲೂ ಐವತ್ತು ಬೇಕು, ಬೇರೆ ಬೇರೆಯಾಗಿ. ಒಂದರಲ್ಲಿ ಹೋದರೆ ಎರಡನ್ನೂ ಮತ್ತೆ ಬರೆಯಬೇಕು. ಅವಳ ರೂಮ್‌ಮೇಟು ಹಾಗೇ ಆದವಳು. ಥಿಯರಿಯಲ್ಲಿ ಒಳ್ಳೆ ಅಂಕ, ಪ್ರಾಕ್ಟಿಕಲ್‌ನಲ್ಲಿ ಎರಡು ಅಂಕ ಕಡಿಮೆ. ಎರಡೂ ಮತ್ತೆ.

"ಇದೆಂತಾ ಅನ್ಯಾಯ" ಅಂದೆ.

"ನಿಮ್ಮಲ್ಲಿ ಒಂದು ಟೆಸ್ಟ್ ಕೇಸ್ ಫೇಲಾದ್ರೆ ಇಡೀ ಬಿಲ್ಡ್ ವಾಪಸ್ ಕಳಸ್ತಿಲ್ಯಾ?" ಅಂದಳು. ನನ್ನ ಮಾತನ್ನೇ ಯಾವಾಗಲೋ ಕೇಳಿ ಇಟ್ಟುಕೊಂಡಿದ್ದಳು.

ಒಂದು ವಿಷಯಕ್ಕೆ ಮೊದಲನೆಯದೂ ಸೇರಿ ಮೂರೇ ಪ್ರಯತ್ನ. ಎರಡು ವರ್ಷದ ಕೋರ್ಸು ಹೆಚ್ಚೆಂದರೆ ನಾಲ್ಕು ವರ್ಷದಲ್ಲಿ ಮುಗಿಯಬೇಕು. ಮೊದಲ ವರ್ಷದ ಎಲ್ಲ ವಿಷಯ ಪಾಸಾಗುವ ತನಕ ಎರಡನೇ ವರ್ಷದ ಪಾಠಕ್ಕೆ ಕೂರಬಹುದು, ಪರೀಕ್ಷೆಗೆ ಕೂರುವಂತಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಲ್ಯಾಬಿನಲ್ಲಲ್ಲ, ವಾರ್ಡಿನಲ್ಲೇ, ಇಲ್ಲವೇ ಊರಿನಲ್ಲೇ ನಡೆಯಬೇಕು. ದಿನಕ್ಕೆ ಹತ್ತು ಜನರಿಗಿಂತ ಹೆಚ್ಚು ಪರೀಕ್ಷೆ ಮಾಡುವಂತಿಲ್ಲ. ಒಳಗಿನವರೊಬ್ಬರು, ಹೊರಗಿನವರೊಬ್ಬರು, ಇಬ್ಬರೂ ಒಟ್ಟಿಗೆ ನಿಂತು ನೋಡಬೇಕು.

"ಚೀಟಿ ಬದಲಾಯಿಸ್ಲಕ್ಕಾ?" ಅಂತ ಕೇಳಿದೆ.

"ಮಂಚದ ಮೇಲಿದ್ದವ್ರನ್ನ ಹೆಂಗೆ ಬದಲಾಯಿಸ್ತೆ?" ಅಂದಳು.

ಒಮ್ಮೆ ರಜೆಗೆ ಬಂದಾಗ ಮನೆಮನೆ ಭೇಟಿಗೆ ಒಯ್ಯುವ ಅವಳ ಚೀಲ ತಂದಿದ್ದಳು. ಅದನ್ನು ತೆರೆಯುವುದಕ್ಕೂ ಒಂದು ಕ್ರಮ, ಅದಕ್ಕೂ ಅಂಕ. ಮೊದಲು ಪೇಪರು ಹಾಸಬೇಕು. ಚೀಲ ಅದರ ಮೇಲೆ, ಮಕ್ಕಳ ಕೈಗೆ ಸಿಗದ ಕಡೆ. ಸೋಪು ಟವೆಲು ತೆಗೆದು ಕೈ ತೊಳೆಯಬೇಕು. ಆಮೇಲೆ ಬೇಕಾದ ಸಾಮಾನು ತೆಗೆಯಬೇಕು. ಮುಟ್ಟಿದ್ದನ್ನು ತೊಳೆಯದೆ ಒಳಗೆ ಇಡುವಂತಿಲ್ಲ. ಅಪ್ಪಯ್ಯನ ಬಿಪಿ ನೋಡುವ ನೆಪದಲ್ಲಿ ಜಗುಲಿ ಮೇಲೆ ಎಲ್ಲ ಮಾಡಿ ತೋರಿಸಿದಳು. ಆಯಿ ಬಾಗಿಲಿಗೆ ಒರಗಿ ನೋಡುತ್ತಿದ್ದವಳು, "ಇದು ನಮ್ಮ ಮಡಿನೇ ಅಲ್ದಾ?" ಅಂತ ಕೇಳಿದಳು. ನಾವು ಸಣ್ಣವರಿದ್ದಾಗ ಆಯಿಯ ಮಡಿಗೆ ಬೈಯುತ್ತಿದ್ದವಳು ಇದೇ ತಂಗಿ. ಆವತ್ತು ಅವಳಿಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿಯವರೆಗೆ ಎಲ್ಲ ಸುಖವಾಗಿತ್ತು.

2023ರ ಜುಲೈ. ಜಡಿಮಳೆ. ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ, ತಂಗಿಯ ಫೋನು. ಹಗಲು ಹೊತ್ತು ಫೋನು ಮಾಡುವವಳಲ್ಲ. ಎದ್ದು ಹೊರಗೆ ಬಂದೆ. "ಅಣ್ಣಾ, ಅಪ್ಪಯ್ಯ ಸಂಕದ ಮೇಲೆ ಜಾರಿ ಬಿದ್ದ. ತೊಡೆ ಮೂಳೆ ಹೋಯ್ದು ಕಾಣ್ತು. ಆನು ಹೊರಟಿ, ನೀನೂ ಬಾ."

ತೋಟದ ದಾರಿಯ ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ಅದು. ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ. ಅರವತ್ತೈದು ವರ್ಷದಿಂದ ಓಡಾಡಿದ ಸಂಕ. ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಸುವ ಗಡಿಬಿಡಿಯಲ್ಲಿ ಬಿದ್ದದ್ದು. ಊರವರು ಸೇರಿ ಖುರ್ಚಿಯಲ್ಲಿ ಕೂರಿಸಿ ರಸ್ತೆ ತನಕ ಹೊತ್ತು ತಂದು, ಯಲ್ಲಾಪುರದಲ್ಲಿ ತೋರಿಸಿ, ಅಲ್ಲಿಂದ ಎಪ್ಪತ್ತು ಕಿಲೋಮೀಟರು ಹುಬ್ಬಳ್ಳಿಗೆ. ನಾನು ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಮುಟ್ಟುವಷ್ಟರಲ್ಲಿ ತಂಗಿ ಅಲ್ಲಿದ್ದಳು. ಆಪರೇಷನ್ ಆಯಿತು. ನಾಲ್ಕು ದಿನ ಇದ್ದೆ. ಐದನೇ ದಿನ ಬೆಂಗಳೂರಿಗೆ ವಾಪಸು. ಒಂದು ದೊಡ್ಡ ರಿಲೀಸ್ ಇತ್ತು.

ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ತಂಗಿ ಕೇಳಿದಳು, "ಅಣ್ಣಾ, ಆನು ಎಷ್ಟು ದಿನ ಇಪ್ಲಕ್ಕು? ಅಟೆಂಡೆನ್ಸ್ ಲೆಕ್ಕ ಹಾಕಿ ಹೇಳ್ತ್ಯಾ? ನಂಗೆ ಈಗ ತಲೆನೇ ಓಡ್ತಿಲ್ಲೆ."

ನಿಯಮಾವಳಿಯ ಪಿಡಿಎಫ್ ಕಳಿಸಿದಳು. ಬಸ್ಸಿನಲ್ಲೇ ಕೂತು ಎಕ್ಸೆಲ್ ಮಾಡಿದೆ. ಮೊದಲ ವರ್ಷ ನಾಲ್ಕು ವಿಷಯ. ನರ್ಸಿಂಗ್ ಶಿಕ್ಷಣ, ಥಿಯರಿ 150 ತಾಸು, ಪ್ರಾಕ್ಟಿಕಲ್ 150. ಮುಂದುವರಿದ ಶುಶ್ರೂಷಾ ಪದ್ಧತಿ, 150 ಮತ್ತು 200. ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, 150 ಮತ್ತು 100. ಮುಖ್ಯ ವಿಷಯ, 150 ಮತ್ತು 650. ಒಟ್ಟು 1700 ತಾಸು. ಎಂಬತ್ತು ಪರ್ಸೆಂಟು ಹಾಜರಿ ಬೇಕು ಅಂದರೆ 340 ತಾಸು ತಪ್ಪಿಸಬಹುದು! ಮೊದಲೊಮ್ಮೆ ಜ್ವರ ಬಂದು 60 ತಾಸು ಹೋಗಿತ್ತು. ಈಗ ಇಪ್ಪತ್ತೆರಡು ದಿನ ನಿಂತರೂ ದಿನಕ್ಕೆ ಎಂಟರಂತೆ 176. ಒಟ್ಟು 236. ಹಾಜರಿ 86 ಪರ್ಸೆಂಟು. ಹಸಿರು ಬಣ್ಣ ಬಳಿದೆ. ಸ್ಕ್ರೀನ್‌ಶಾಟ್ ಕಳಿಸಿ, "ಇಪ್ಪತ್ತೆರಡು ದಿನ ಆರಾಮಾಗಿ ಇರಬಹುದು. ಇನ್ನೂ ಆರು ಪರ್ಸೆಂಟು ಮಿಕ್ಕಿದೆ" ಅಂತ ಬರೆದೆ. ಅವಳು ಕೈಮುಗಿಯುವ ಚಿತ್ರ ಕಳಿಸಿದಳು.

ಆ ಇಪ್ಪತ್ತೆರಡು ದಿನ ಅಪ್ಪಯ್ಯನನ್ನು ಅವಳೇ ನೋಡಿಕೊಂಡಳು. ಹುಬ್ಬಳ್ಳಿಯಲ್ಲಿ ಹನ್ನೆರಡು, ಮನೆಯಲ್ಲಿ ಹತ್ತು. ಆಸ್ಪತ್ರೆಯಲ್ಲಿ ನಡೆದ ಒಂದು ಘಟನೆ ಅವಳು ಫೋನಿನಲ್ಲಿ ಹೇಳಿದ್ದು, ಹೇಳಲೇಬೇಕು.

ಒಂದು ಬೆಳಿಗ್ಗೆ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬಳ ಪಾಲಿಗೆ ಬಂದದ್ದು ನಮ್ಮ ಅಪ್ಪಯ್ಯ. ಸಣ್ಣ ಹುಡುಗಿ, ಕೈ ನಡುಗುತ್ತಿತ್ತಂತೆ. ಹೆಸರು ಕೇಳಿದಳು, ನಾಡಿ ನೋಡಿದಳು, ಬಿಪಿ ನೋಡಿದಳು, ಪಕ್ಕಕ್ಕೆ ತಿರುಗಿಸಿ ಬೆನ್ನು ಒರೆಸಿದಳು, ಬೆನ್ನಿನ ಮೇಲೆ ಹುಣ್ಣಾಗುವ ಲಕ್ಷಣ ಇದೆಯಾ ಅಂತ ನೋಡಿದಳು. ಪರೀಕ್ಷಕರಿಬ್ಬರೂ ಮಂಚದ ಕಾಲ ಬಳಿ. ತಂಗಿ ಸ್ಟೂಲು ಎತ್ತಿಕೊಂಡು ದೂರ ಹೋಗಿ ಕೂತಿದ್ದಳು. ಎಲ್ಲ ಮುಗಿಸಿ ಹುಡುಗಿ ಹಿಂದೆ ಸರಿದಳು. ಆಪರೇಷನ್ ಆದ ಕಾಲಿನ ಪಾದ ಮುಟ್ಟಿ ನೋಡುವುದು ಮರೆತುಬಿಟ್ಟಿದ್ದಳು. ಬೆಚ್ಚಗಿದೆಯಾ ತಣ್ಣಗಿದೆಯಾ, ಬೆರಳು ಆಡುತ್ತದಾ, ಅಲ್ಲಿ ರಕ್ತ ಓಡುತ್ತಿದೆಯಾ ಅಂತ ನೋಡಲೇಬೇಕು. ತಂಗಿಗೆ ಹೇಳಬೇಕು ಅಂತ ಗಂಟಲ ತನಕ ಬಂತಂತೆ. ಹೇಳುವಂತಿಲ್ಲ.

ಅಪ್ಪಯ್ಯ ಸುಮ್ಮನೆ ತನ್ನ ಕಾಲ್ಬೆರಳು ಆಡಿಸಿದನಂತೆ. ದಿನಾ ಬೆಳಿಗ್ಗೆ ಸಂಜೆ ಮಗಳು ಮುಟ್ಟಿ ನೋಡಿ "ಆಡ್ಸು ನೋಡನ" ಅನ್ನುತ್ತಿದ್ದಳಲ್ಲ, ಆ ಅಭ್ಯಾಸ. ಹುಡುಗಿಯ ಕಣ್ಣು ಅತ್ತ ಹೋಯಿತು. ತಟ್ಟನೆ ಬಗ್ಗಿ ಪಾದ ಮುಟ್ಟಿದಳು. ಹೊರಗಿನ ಪರೀಕ್ಷಕರು ಅಪ್ಪಯ್ಯನ ಮುಖ ನೋಡಿ, ಏನೂ ಹೇಳದೆ, ಹಾಳೆಯಲ್ಲಿ ಬರೆದುಕೊಂಡರಂತೆ.

ರಾತ್ರಿ ಅಪ್ಪಯ್ಯ ಕೇಳಿದ್ದು, "ಆ ಕೂಸು ಪಾಸಾತಾ?"

ಫಲಿತಾಂಶ ಈಗಲೇ ಬರುವುದಿಲ್ಲ ಅಂತ ಹೇಳಿದರೂ ಡಿಸ್ಚಾರ್ಜ್ ಆಗುವ ತನಕ ದಿನಾ ಕೇಳಿದನಂತೆ. ಇದನ್ನು ಕೇಳಿ ನಾನು ಬೆಂಗಳೂರಿನ ಕ್ಯಾಂಟೀನಿನಲ್ಲಿ ಒಬ್ಬನೇ ಜೋರಾಗಿ ನಕ್ಕಿದ್ದು ನೆನಪಿದೆ. ಅಪ್ಪಯ್ಯ ಪ್ರಶ್ನೆಪತ್ರಿಕೆಯಾದ ಕತೆ ಅಂತ ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಅವಳ ಕಾಲೇಜಿನಲ್ಲಿ ಹಾಜರಿ ಕಡಿಮೆ ಇದ್ದವರ ಪಟ್ಟಿ ಹಾಕಿದರು. ತಂಗಿಯ ಹೆಸರಿತ್ತು. ಸಂಶೋಧನೆ, ಪ್ರಾಕ್ಟಿಕಲ್, 68.

ನನಗೆ ಫೋನು ಮಾಡಿದಳು. ತಪ್ಪಾಗಿರಬೇಕು, ಹೋಗಿ ಜಗಳ ಮಾಡು ಅಂದೆ. ನನ್ನ ಹತ್ತಿರ 86 ಅಂತ ಲೆಕ್ಕ ಇದೆ ಅಂದೆ. ಅವಳು ಮೆಲ್ಲಗೆ, "ಅಣ್ಣಾ, ಆ ಪಿಡಿಎಫ್‌ನಲ್ಲಿ ಹಾಜರಿ ಸಾಲು ಇನ್ನೊಂದ್ಸಲ ಓದು" ಅಂದಳು.

ಓದಿದೆ. ಪ್ರತಿ ವಿಷಯದಲ್ಲೂ, ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ, ಎಂಬತ್ತು ಇರಬೇಕು. ಗೈರುಹಾಜರಿಗೆ ಕಾರಣ ಯಾವುದೇ ಇರಲಿ. ಒಂದೇ ವಾಕ್ಯ. ಅದರಲ್ಲಿ 'ಎಂಬತ್ತು' ಅನ್ನುವುದನ್ನು ಮಾತ್ರ ಓದಿಕೊಂಡು, ಉಳಿದದ್ದನ್ನು ಬಿಟ್ಟು, ನಾನು ಎಂಟು ಸಂಖ್ಯೆಗಳನ್ನು ಕೂಡಿಸಿ ಒಂದು ಮಾಡಿದ್ದೆ. ತಪ್ಪಿದ 236 ತಾಸಿನಲ್ಲಿ 100 ಹೋಗಿದ್ದು ಮುಖ್ಯ ವಿಷಯದ ಪ್ರಾಕ್ಟಿಕಲ್‌ನಲ್ಲಿ. ಅದು 650ರ ಸಮುದ್ರ, ಏನೂ ಆಗಲಿಲ್ಲ. ಸಂಶೋಧನೆಯ ಪ್ರಾಕ್ಟಿಕಲ್ ಇದ್ದದ್ದೇ ನೂರು ತಾಸು. ಅದರಲ್ಲಿ ನಾಲ್ಕು ದಿನ, 32 ತಾಸು, ಅಪ್ಪಯ್ಯನ ಮಂಚದ ಪಕ್ಕ ಕಳೆದಿತ್ತು. ಸೊಂಟದ ತನಕ ಸರಾಸರಿ ಆಳ ಇರುವ ಹೊಳೆಯನ್ನು ದಾಟಬಹುದು ಅಂತ ಹೇಳಿ ಕಳಿಸಿದ ಹಾಗಾಯಿತು. ಹೊಳೆ ದಡದ ಊರಲ್ಲಿ ಹುಟ್ಟಿದವನು ನಾನು!

ಬೇಕಾಗಿದ್ದದ್ದು ಇನ್ನು ಹನ್ನೆರಡು ತಾಸು. ಒಂದೂವರೆ ದಿನ. ಅವಳು ಬೇಡಿಕೊಂಡಳು. ಆ ತರಗತಿಗಳು ಇಡೀ ಬ್ಯಾಚಿಗೆ ಮುಗಿದಿವೆ, ಹಾಜರಿ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಿದೆ ಅಂದರು. ಆಸ್ಪತ್ರೆಯ ಕಾಗದಗಳನ್ನು ತೋರಿಸಿದಳು. ಕಾರಣ ಯಾವುದೇ ಇರಲಿ ಅಂತ ನಿಯಮದಲ್ಲೇ ಬರೆದಿದೆಯಲ್ಲ. ಮೂರು ವಿಷಯ ಬ್ಯಾಚಿನ ಜೊತೆ ಬರೆದಳು. ಸಂಶೋಧನೆ ಮಾತ್ರ ತಾಸು ತುಂಬಿಸಿಕೊಂಡು, ಮುಂದಿನ ಪರೀಕ್ಷೆಗೆ, ಆರು ತಿಂಗಳ ಮೇಲೆ. ಆ ಬೆಳಿಗ್ಗೆ ಗೆಳತಿಯರೆಲ್ಲ ಸಂಶೋಧನೆ ಪರೀಕ್ಷೆಗೆ ಹೋದಾಗ ಇವಳು ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಳಂತೆ. ಇದನ್ನು ಅವಳಲ್ಲ, ರೂಮ್‌ಮೇಟು ನನಗೆ ಹೇಳಿದ್ದು.

ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅದೇ ಕಷ್ಟ.

ಈಗ ನಿಜ ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಅದಕ್ಕೆ. ನನಗೆ ಓದಲು ಬರುವುದಿಲ್ಲವೇ? ದಿನಾ ಬೆಳಗಾದರೆ ಗ್ರಾಹಕರು ಕಳಿಸುವ ನೂರಾರು ಪುಟದ ಕಾಗದದಲ್ಲಿ 'ಮತ್ತು', 'ಅಥವಾ'ಗಳನ್ನು ಹುಡುಕಿ ಸಂಬಳ ತೆಗೆದುಕೊಳ್ಳುವವನು ನಾನು. 'ಪ್ರತಿ ವಿಷಯದಲ್ಲೂ' ಅನ್ನುವ ಶಬ್ದ ಆ ಬಸ್ಸಿನಲ್ಲಿ ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ನನಗೆ ಬೇಕಾದ ಉತ್ತರ ಮೊದಲೇ ಗೊತ್ತಿತ್ತು. ಅವಳು ಇರಬಹುದು ಅಂತ ಲೆಕ್ಕ ಹೇಳದಿದ್ದರೆ ನಾನು ಇರಬೇಕಾಗುತ್ತಿತ್ತು. ನನ್ನ ಖಾತೆಯಲ್ಲಿ ಆಗ ಹದಿನಾಲ್ಕು ದಿನ ರಜೆ ಉಳಿದಿತ್ತು. ಡಿಸೆಂಬರಿನಲ್ಲಿ ಅದರಲ್ಲಿ ಅರ್ಧಕ್ಕರ್ಧ ಹಾಗೇ ವ್ಯರ್ಥವಾಗಿ ಹೋಯಿತು. ಆ ರಿಲೀಸಿಗಾಗಿ ಆ ವರ್ಷ ಅಪ್ರೈಸಲ್‌ನಲ್ಲಿ ನನಗೆ ಒಳ್ಳೇ ರೇಟಿಂಗ್ ಬಂತು. ನನ್ನ ಪರೀಕ್ಷೆಯಲ್ಲಿ ನಾನು ಪಾಸು, ಅವಳ ಹಾಜರಿಯಲ್ಲಿ. ನಾನು ಹೋಗಿ ಕೂತಿದ್ದರೆ ಅಪ್ಪಯ್ಯನ ಪಾದ ಮುಟ್ಟಿ ನೋಡಬೇಕು ಅಂತ ನನಗೆ ಗೊತ್ತಿರುತ್ತಿರಲಿಲ್ಲ, ಅದು ಬೇರೆ ಮಾತು. ನಾಲ್ಕು ದಿನ ಮಾತ್ರ ಬೇಕಾಗಿದ್ದದ್ದು. ನಾಲ್ಕೇ ದಿನ.

ಎರಡನೇ ವರ್ಷ ಪ್ರಬಂಧ. ಅದಕ್ಕೂ ಒಳಗೆ ನೂರು, ಹೊರಗೆ ನೂರು ಅಂಕ. ಮಾರ್ಗದರ್ಶಕರೇ ಒಳಗಿನ ಪರೀಕ್ಷಕರು. ಕೋಡ್ ಬರೆಸಿದವನೇ ಅದನ್ನು ಪರೀಕ್ಷೆ ಮಾಡಿದರೆ ಹೇಗೆ ಅಂತ ನಾನು ತಕರಾರು ತೆಗೆದೆ. "ಅದ್ಕೇ ಹೊರಗಿನವ್ರು ಒಬ್ರು ಇರ್ತ" ಅಂದಳು. ಅವಳು ಆರಿಸಿಕೊಂಡದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದ ವೈರಸ್ಸು, ಉಣುಗು ಕಚ್ಚಿ ಬರುವುದು. ಹಳೆಯ ಲಸಿಕೆ ನಿಂತುಹೋಗಿತ್ತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮತ್ತೆ ಜ್ವರ ಕಾಣಿಸಿಕೊಂಡ ದಿನಗಳಲ್ಲೇ ಇವಳು ಅಲ್ಲಿ ಮನೆಮನೆ ತಿರುಗುತ್ತಿದ್ದಳು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯಬೇಕು, ಮಂಗ ಸತ್ತದ್ದು ಕಂಡರೆ ತಿಳಿಸಬೇಕು. ಪಾಠಕ್ಕಿಂತ ಮೊದಲು ಒಂದು ಪ್ರಶ್ನಾವಳಿ, ಪಾಠವಾಗಿ ವಾರ ಕಳೆದ ಮೇಲೆ ಅದೇ ಪ್ರಶ್ನಾವಳಿ.

ಅಂಕಿಸಂಖ್ಯೆಗೆ ನಾನು ಬೇಕಾದೆ. ಈ ಸಲ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಮೊದಲಿನ ಅಂಕ, ಆಮೇಲಿನ ಅಂಕ, ಜೋಡಿಸಿ ಟಿ-ಟೆಸ್ಟ್ ಮಾಡಿದೆವು. ಚೆನ್ನಾಗಿಯೇ ಬಂತು. ಜನರ ತಿಳಿವಳಿಕೆ ಹೆಚ್ಚಾಗಿದೆ ಅಂತ ಸಾಬೀತಾಯಿತು. ನನಗೆ ಖುಷಿ. ಅವಳಿಗೆ ಅಷ್ಟಿಲ್ಲ.

"ಒಬ್ಬ ಅಜ್ಜ ಇದ್ದ. ಮೂವತ್ತಕ್ಕೆ ಇಪ್ಪತ್ತೇಳು ತಗಂಡ. ಎಲ್ಲ ಉತ್ತರ ಬಾಯಿಪಾಠ. ಆನು ವಾಪಸ್ ಬಪ್ಪಕಾದ್ರೆ ಬರಿಗಾಲಲ್ಲಿ ದರಕು ಗುಡಿಸಲೆ ಬೆಟ್ಟಕ್ಕೆ ಹೊಂಟಿದ್ದ. ಎಣ್ಣೆ ಹಚ್ಚಿದ್ಯಾ ಅಜ್ಜಾ ಅಂದ್ರೆ, ಅದು ಪರೀಕ್ಷೆಗೆ ಅಲ್ದಾ ತಂಗಿ ಅಂದ."

ನಗು ಬಂತು. ಆಮೇಲೆ ನಿಂತಿತು. ನಮ್ಮ ಮನೆಯ ಬೆಟ್ಟದಲ್ಲೂ ಅದೇ ದರಕು ಗುಡಿಸುವುದು, ಅದೇ ಬರಿಗಾಲು.

ಅವಳು ಆಗ ಹೇಳಿದ ಇನ್ನೊಂದು ಸಂಗತಿ. ಅದೇ ನಿಯಮಾವಳಿಯಲ್ಲಿ ಹಾಜರಿಯ ಸಾಲಿನ ಕೆಳಗೆ ಇನ್ನೊಂದು ಸಾಲಿದೆ. ಪರೀಕ್ಷೆಗೆ ಕೂರಲು ಎಂಬತ್ತು ಸಾಕು. ಡಿಗ್ರಿ ಕೈಗೆ ಸಿಗಬೇಕಾದರೆ ಪ್ರತಿಯೊಂದು ಪ್ರಾಕ್ಟಿಕಲ್ ಜಾಗದಲ್ಲೂ ನೂರಕ್ಕೆ ನೂರು ಆಗಿರಬೇಕು. ಅಂದರೆ ಆ ಇಪ್ಪತ್ತೆರಡು ದಿನಗಳ ಪ್ರಾಕ್ಟಿಕಲ್ ತಾಸೆಲ್ಲ ಅವಳು ಭಾನುವಾರ, ಹಬ್ಬದ ರಜೆ ಅನ್ನದೆ ಹೋಗಿ ತುಂಬಿಸಿದ್ದಳು. ಆ ವರ್ಷ ದೊಡ್ಡಹಬ್ಬಕ್ಕೆ ಯಾಕೆ ಮನೆಗೆ ಬರಲಿಲ್ಲ ಅಂತ ನನಗೆ ಗೊತ್ತಾದದ್ದು ಆಗ. ಆಯಿಗೆ ಓದುವುದಿದೆ ಅಂತ ಹೇಳಿದ್ದಳು.

"ಇದು ಅತಿ ಆತು" ಅಂದೆ.

"ಎಂಬತ್ತೇ ಸಾಕು ಅಂದ್ರೆ ಎಲ್ರೂ ಬಿಡದು ಕಷ್ಟದ ಜಾಗದ್ದೇ ಇಪ್ಪತ್ತು" ಅಂದಳು. "ನೂರು ಬೇಕು, ಅದು ಸರಿಯೇ. ಆದ್ರೆ ಕಾರಣ ಯಾವುದೇ ಇರಲಿ ಅಂತ ಇದ್ದಲಿ, ಅದು ಸರಿಯಿಲ್ಲೆ. ಹನ್ನೆರಡು ತಾಸು ತುಂಬ್ಸಿ ಕೊಡ್ತಿ ಅಂದವ್ಳಿಗೆ ಒಂದು ದಾರಿ ಇರವಾಗಿತ್ತು."

ನಾನೂ ಯೋಚನೆ ಮಾಡಿದ್ದೇನೆ. ನಿಯಮ ಬರೆದವರಿಗೆ ಸುಳ್ಳು ಸರ್ಟಿಫಿಕೇಟು ತರುವವರ ಭಯ. ಅದು ಸುಮ್ಮನೆ ಹುಟ್ಟಿದ ಭಯವೂ ಅಲ್ಲ. ಒಮ್ಮೆ ಕಾರಣ ಕೇಳಲು ಶುರುಮಾಡಿದರೆ ಕಾರಣಗಳಿಗೆ ಕೊನೆಯಿಲ್ಲ. ಆದರೆ ರೋಗಿಯನ್ನು ನೋಡಿಕೊಳ್ಳುವುದು ಹೇಗೆ ಅಂತ ಕಲಿಸುವ ಕೋರ್ಸಿನಲ್ಲಿ, ರೋಗಿಯನ್ನು ನೋಡಿಕೊಳ್ಳಲು ಹೋದವಳಿಗೆ ಗೈರು ಅಂತ ಬೀಳುತ್ತದೆ. ಇದಕ್ಕೆ ಏನು ಹೇಳುವುದು ಅಂತ ನನಗೆ ಇನ್ನೂ ಹೊಳೆದಿಲ್ಲ. ನಿಮಗೆ ಹೊಳೆದರೆ ತಿಳಿಸಿ.

ಅವಳು ಎಲ್ಲ ಪಾಸಾದಳು. ಆದರೆ ಎಲ್ಲವನ್ನೂ ಒಂದೇ ಸಲಕ್ಕೆ ಪಾಸಾದವರ ಸಾಲಿನಲ್ಲಿ ಅವಳ ಹೆಸರಿಲ್ಲ. ಸಂಶೋಧನೆಯ ಅಂಕಪಟ್ಟಿ ಬೇರೆ, ಅದರ ಮೇಲಿನ ತಾರೀಕು ಬೇರೆ. ಕೆಲಸದ ಸಂದರ್ಶನದಲ್ಲಿ ಪ್ರತಿ ಸಲವೂ ಆ ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತಾರಂತೆ, ಇದೇನು ಅಂತ. ಮೊದಮೊದಲು ಅಪ್ಪಯ್ಯ ಬಿದ್ದ ಕತೆ ಹೇಳುತ್ತಿದ್ದಳು. ಈಗ "ಹಾಜರಿ ಕಡಿಮೆ ಇತ್ತು" ಅಂತ ಮಾತ್ರ ಹೇಳುತ್ತಾಳೆ. ಅಣ್ಣ ತಪ್ಪು ಲೆಕ್ಕ ಹೇಳಿದ ಅಂತ ಇವತ್ತಿನ ತನಕ ಎಲ್ಲೂ ಹೇಳಿಲ್ಲ.

ಈಗ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಹಾಜರಿ ಪುಸ್ತಕ ಅವಳ ಕೈಯಲ್ಲೇ. ಅಪ್ಪಯ್ಯ ಕೋಲು ಹಿಡಿದು ತೋಟಕ್ಕೆ ಹೋಗಿಬರುತ್ತಾನೆ. ಸಂಕ ತೆಗೆಸಿ ಸಿಮೆಂಟಿನ ಕಾಲುಸೇತುವೆ ಹಾಕಿಸಿದ್ದೇವೆ. ಅಳಿಯ ಹುಡುಕುವ ಮಾತು ಬಿಟ್ಟರೆ ಅವಳ ಹತ್ತಿರ ಅಪ್ಪಯ್ಯ ಕೇಳುವುದು ಒಂದೇ, ಹುಬ್ಬಳ್ಳಿಯ ಆ ಕೂಸು ಪಾಸಾಯಿತಾ ಅಂತ.

ಕಳೆದ ತಿಂಗಳು ತಂಗಿಯ ಫೋನು ಬಂತು. ಅವಳ ವಿದ್ಯಾರ್ಥಿನಿ ಒಬ್ಬಳ ತಾಯಿಗೆ ಹುಷಾರಿಲ್ಲವಂತೆ. ಹುಡುಗಿ ಬಂದು, ಮೇಡಂ, ಎಷ್ಟು ದಿನ ರಜೆ ಹಾಕಬಹುದು ಅಂತ ಕೇಳಿದಳಂತೆ.

"ಅಣ್ಣಾ, ನಿನ್ನ ಹತ್ರ ಆ ಎಕ್ಸೆಲ್ ಇದ್ದಾ?"

ನನಗೆ ಒಂದು ಕ್ಷಣ ಮಾತು ಬರಲಿಲ್ಲ. ಅದು ತಪ್ಪಿದೆಯಲ್ಲೇ ಅಂದೆ.

"ಕೋಷ್ಟಕ ಚೊಲೋ ಇದ್ದು. ಕಡೇ ಸಾಲು ಒಂದೇ ತಪ್ಪಿದ್ದು. ಸರಿ ಮಾಡಿ ಕಳಸು."

ಆಗ ಹುಡುಕಿದರೆ ಫೈಲು ಸಿಕ್ಕಿರಲಿಲ್ಲ. ಹೊಸದು ಮಾಡಿ ಕಳಿಸಿದ್ದೆ. ಮೊನ್ನೆ ಆ ಹಳೆಯದೇ ಕಣ್ಣಿಗೆ ಬಿತ್ತು. ಅಳಿಸುವ ಬದಲು ಕೂತು ತಿದ್ದಿದೆ. ಹೆಚ್ಚಿನ ಕೆಲಸವೇನಿರಲಿಲ್ಲ. ಕೊನೆಯ ಸಾಲಿನಲ್ಲಿ ಎಲ್ಲವನ್ನೂ ಕೂಡಿಸುವ 'ಸಮ್' ಇತ್ತು. ಅದನ್ನು ತೆಗೆದು, ಎಂಟರಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದನ್ನು ತೋರಿಸುವ 'ಮಿನ್' ಹಾಕಿದೆ. ಹಸಿರು ಹೋಯಿತು. 68, ಕೆಂಪು.

ಸೇವ್ ಮಾಡಿದೆ. ಹೆಸರಿನಿಂದ 'ಫೈನಲ್' ತೆಗೆದೆ.